ಟೆರೇಸಿನ ಬೀಗದ ಕೈ

ಸಂಕ್ರಾಂತಿಗೆ ಅಂತ ಬೆಂಗಳೂರಿಗೆ ಬಂದಿದ್ದೆ. ಮೂರು ವಾರ ರಜೆ. ಅದರಲ್ಲಿ ಎರಡು ವಾರ ಬ್ಯಾಂಕು, ಆಧಾರ್, ನಾಮಕರಣದ ಊಟ, ಹಲ್ಲಿನ ಡಾಕ್ಟರು ಅಂತಲೇ ಕರಗಿಹೋಯಿತು. ಕೊನೆಯ ಶನಿವಾರ ಸಂಜೆ ಬನಶಂಕರಿಯ ಅಕ್ಕನ ಮನೆಯಲ್ಲಿ ಸುಮ್ನೆ ಕೂತಿದ್ದೆ. ಅವಳ ಮಗಳು ಬಂದು "ಮಾವ, ಟೆರೇಸಿಗೆ ಬಾ, ನಮ್ಮ ಡ್ಯಾನ್ಸ್ ನೋಡು" ಅಂತ ಕೈ ಹಿಡಿದು ಎಳೆದಳು. ಅವಳಿಗೆ ಹತ್ತೊಂಬತ್ತು ವರ್ಷ ಆಯಿತು, ಈಗಲೂ ಹಾಗೇ ಎಳೆಯುತ್ತಾಳೆ.

ಮೇಲೆ ಏಳು ಜನ ಇದ್ದರು. ಸೋಲಾರ್ ಹೀಟರಿನ ಸ್ಟ್ಯಾಂಡಿನ ಮೇಲೆ ಅಂಗೈಯಗಲದ ಬ್ಲೂಟೂತ್ ಸ್ಪೀಕರ್. ಯಾವುದೋ ಸಿನಿಮಾ ಹಾಡಿಗೆ ರೀಲ್ಸ್ ಮಾಡುತ್ತಾರೆ ಅಂದುಕೊಂಡಿದ್ದೆ. ಬಂದದ್ದು ಟ್ರಂಪೆಟ್ಟು, ಸ್ಯಾಕ್ಸೊಫೋನು. ಅಜ್ಜನ ಕಾಲದ ಅಮೆರಿಕದ ಸ್ವಿಂಗ್ ಸಂಗೀತ! ಇಬ್ಬಿಬ್ಬರು ಕೈ ಹಿಡಿದು, ಒಬ್ಬರನ್ನೊಬ್ಬರು ತಿರುಗಿಸಿ ಬಿಟ್ಟು ಮತ್ತೆ ಹಿಡಿದು, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಬಗ್ಗಿ ಬಗ್ಗಿ ಕುಣಿಯುತ್ತಿದ್ದರು. "ಇದಕ್ಕೆ ಲಿಂಡಿ ಹಾಪ್ ಅಂತಾರೆ ಮಾವ, ಕ್ಲಾಸಿಗೆ ಹೋಗ್ತಾ ಇದೀನಿ" ಅಂದಳು. ನನಗೆ ಮೈ ಜುಮ್ಮೆಂದಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎಂಟೂಕಾಲಿಗೆ ಅಸೋಸಿಯೇಷನ್ ಸೆಕ್ರೆಟರಿ ಸೆಕ್ಯುರಿಟಿಯವನನ್ನು ಕರೆದುಕೊಂಡು ಮೇಲೆ ಬಂದರು. ಸ್ಪೀಕರನ್ನು ಅವರೇ ಕೈಯಲ್ಲಿ ಎತ್ತಿಕೊಂಡು, ಆಫ್ ಮಾಡುವ ಬಟನ್ ಸಿಗದೆ ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಹುಡುಗರ ಕೈಗೇ ಕೊಟ್ಟು ಆಫ್ ಮಾಡಿಸಿದರು. "ಏನಮ್ಮ ಇದು, ಸಂಸಾರಸ್ಥರು ಇರೋ ಜಾಗ, ಹುಡುಗ ಹುಡುಗಿ ಕೈ ಕೈ ಹಿಡ್ಕೊಂಡು..." ಮಾತು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು "ಸರ್, ಮಕ್ಕಳು..." ಅಂದೆ. ಅಷ್ಟೇ ಅಂದದ್ದು. ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ನೋಟಿಸು: ಟೆರೇಸಿನ ಬೀಗದ ಕೈ ಬೇಕಾದವರು ಕಾರಣ ಬರೆದು, ಸಹಿ ಹಾಕಿ, ಸೆಕ್ರೆಟರಿಯವರಿಂದ ಪಡೆಯತಕ್ಕದ್ದು. ಈ 'ತಕ್ಕದ್ದು' ಅನ್ನೋ ಪದ ನೋಡಿದರೆ ನನಗೆ ಈಗಲೂ ಆರನೇ ಕ್ಲಾಸಿನ ಹೆಡ್‌ಮಾಸ್ಟರ್ ರೂಮು ನೆನಪಾಗುತ್ತದೆ.

ನಾನು ಇರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಹನ್ನೊಂದು ವರ್ಷದಿಂದ. ಅಲ್ಲಿ ಡಾಮ್‌ಟೋರ್ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಕ್ಯೂರಿಯೋ ಹೌಸ್ ಅಂತ ಒಂದು ಹಳೆಯ ಕಟ್ಟಡ ಇದೆ. 1940ರ ಮಾರ್ಚ್‌ನಲ್ಲಿ ಅಲ್ಲೊಂದು ಡ್ಯಾನ್ಸ್ ನಡೆಯುತ್ತಿದ್ದಾಗ ಗೆಸ್ಟಪೋದವರು, ಅಂದರೆ ಹಿಟ್ಲರನ ಗುಪ್ತ ಪೊಲೀಸರು, ನುಗ್ಗಿ ಹೆಸರು ಬರೆದುಕೊಂಡರು. 400ಕ್ಕೂ ಹೆಚ್ಚು ಜನ, ಹೆಚ್ಚುಕಡಿಮೆ ಎಲ್ಲರೂ 21 ದಾಟದವರು. ಅಪರಾಧ ಏನು ಅಂದರೆ ಸ್ವಿಂಗ್ ಕುಣಿದದ್ದು. ನನ್ನ ಅಕ್ಕನ ಮಗಳು ನೀರಿನ ಟ್ಯಾಂಕಿನ ಪಕ್ಕ ಕುಣಿದಳಲ್ಲ, ಅದೇ ಸಂಗೀತ, ಅದೇ ಜಾತಿಯ ಕುಣಿತ. ಮೈ ಜುಮ್ಮೆಂದದ್ದು ಅದಕ್ಕೆ.

ಸ್ವಿಂಗ್‌ಯೂಗೆಂಡ್, ಅಂದರೆ ಸ್ವಿಂಗ್ ಹುಡುಗರು ಅಂತ ಅವರಿಗೆ ಹೆಸರು. ಹೆಚ್ಚಿನವರು ಹೈಸ್ಕೂಲಿನ ಮಕ್ಕಳು, ಮನೆ ಕಡೆ ಅನುಕೂಲ ಇದ್ದವರು. 1939ರಿಂದ ನಾಜಿ ಪಕ್ಷದ ಯುವಕರ ದಳವಾದ ಹಿಟ್ಲರ್ ಯೂತ್ ಸೇರುವುದು ಕಡ್ಡಾಯ. ಕೂದಲು ಚಿಕ್ಕದಾಗಿ ಕತ್ತರಿಸಿ, ಯೂನಿಫಾರಂ ಹಾಕಿ, ಸಾಲಾಗಿ ಕಾಲು ಹಾಕಬೇಕು. ಇವರು ಕಾಲರ್ ಮುಟ್ಟುವಷ್ಟು ಕೂದಲು ಬಿಟ್ಟರು. ಚೌಕಳಿ ಕೋಟು ಹಾಕಿದರು. ಮಳೆ ಇರಲಿ ಬಿಡಲಿ ಕೈಯಲ್ಲೊಂದು ಮಡಿಸಿದ ಛತ್ರಿ, ಇಂಗ್ಲಿಷ್ ದೊರೆಗಳ ಹಾಗೆ. ಹುಡುಗಿಯರು ಲಿಪ್‌ಸ್ಟಿಕ್ ಹಚ್ಚಿದರು, ಜಡೆ ಬಿಚ್ಚಿದರು. ಎದುರಾದರೆ 'ಸ್ವಿಂಗ್ ಹೈಲ್' ಅಂತ ನಮಸ್ಕಾರ, ನಾಜಿಗಳ 'ಜೀಗ್ ಹೈಲ್' ಘೋಷಣೆಯ ಅಣಕ. ನೋಡಿ, ಅಷ್ಟೇ. ಕರಪತ್ರ ಇಲ್ಲ, ಘೋಷಣೆ ಇಲ್ಲ, ಬಾಂಬ್ ಅಂತೂ ಇಲ್ಲವೇ ಇಲ್ಲ. ಸೂಟ್‌ಕೇಸಿನ ಹಾಗೆ ಮಡಿಸುವ ಗ್ರಾಮಫೋನ್ ಹಿಡಿದುಕೊಂಡು ಸ್ನೇಹಿತರ ಮನೆಗೆ ಹೋಗಿ ರೆಕಾರ್ಡು ಹಾಕುತ್ತಿದ್ದರು. ಅದೇ ಊರಿನ ಆಲ್ಟೋನಾ ಬಡಾವಣೆಯ ಒಂದು ಹೋಟೆಲಿನಲ್ಲಿ ಅವರು ಕುಣಿದದ್ದರ ಬಗ್ಗೆ ಹಿಟ್ಲರ್ ಯೂತ್‌ನವರು ಬರೆದ ವರದಿ ಇದೆ. ಒಬ್ಬ ಹುಡುಗಿಯ ಜೊತೆ ಇಬ್ಬರು ಹುಡುಗರು ಕುಣಿದರು, ಕೂದಲು ಮುಖದ ಮೇಲೆ ಬಿದ್ದಿತ್ತು ಅಂತೆಲ್ಲ ಗಾಬರಿಯಿಂದ ಬರೆದಿದ್ದಾರೆ. ಓದಿದರೆ ನಮ್ಮ ಅಸೋಸಿಯೇಷನ್ ಮೀಟಿಂಗಿನ ನಡಾವಳಿ ಅನಿಸುತ್ತದೆ.

ನಾನು ಯೋಚಿಸುತ್ತಾ ಕೂತದ್ದು ಇದನ್ನೇ. ಆ ವರದಿ ಬರೆದವನಿಗೂ ನಮ್ಮ ಸೆಕ್ರೆಟರಿಗೂ ತೊಂದರೆ ಕೊಟ್ಟದ್ದು ಸದ್ದಲ್ಲ. ನವೆಂಬರಿನಲ್ಲಿ ಅದೇ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಹನ್ನೊಂದೂವರೆವರೆಗೆ ಬಾರಿಸಿತು. ವಿಡಿಯೋ ಅಕ್ಕ ಕಳಿಸಿದ್ದಳು. ಕೆಂಪು ಹಳದಿ ಶಾಲು ಸೊಂಟಕ್ಕೆ ಬಿಗಿದು ಮೊದಲ ಸಾಲಿನಲ್ಲಿ ಕುಣಿದವರು ಇದೇ ಸೆಕ್ರೆಟರಿ, ಮತ್ತು ಚೆನ್ನಾಗಿಯೇ ಕುಣಿದಿದ್ದರು, ಸುಳ್ಳು ಹೇಳಬಾರದು. ಗಣಪತಿ ಬಿಡುವ ದಿನ ತಮಟೆ ಸದ್ದಿಗೆ ಕಿಟಕಿ ಗಾಜು ಅದುರುತ್ತದೆ, ಯಾರೂ ಬೀಗ ಹಾಕುವುದಿಲ್ಲ. ನಮ್ಮಲ್ಲಿ ಕುಣಿಯೋಕೆ ಮುಂದೊಂದು ದೇವರು ಇರಬೇಕು, ಇಲ್ಲ ಬಾವುಟ, ಇಲ್ಲ ಮದುವೆಗಂಡು. ಸುಮ್ಮಸುಮ್ಮನೆ, ಯಾರನ್ನೂ ಕೇಳದೆ, ಖುಷಿಗೆ ಕುಣಿದರೆ ಮಾತ್ರ ಸಂಸಾರಸ್ಥರ ನೆನಪಾಗುತ್ತದೆ.

ಇದು ಒಂದು ಅಪಾರ್ಟ್‌ಮೆಂಟಿನ ಕಥೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಪಬ್ಬುಗಳ ಊರು ಅಂತ ಹೆಸರು ತೆಗೆದುಕೊಂಡ ಬೆಂಗಳೂರಿನಲ್ಲಿ, ಹಾಡು ಕುಣಿತಕ್ಕೆ ಲೈಸೆನ್ಸ್ ಕೇಳುವ 2005ರ ಆದೇಶ ಬಂದ ಮೇಲೆ, 'ಇಲ್ಲಿ ಡ್ಯಾನ್ಸ್ ಮಾಡುವಂತಿಲ್ಲ' ಅನ್ನುವ ಬೋರ್ಡಿನ ಕೆಳಗೆ ನಾನೇ ಕೂತು ತಲೆ ಮಾತ್ರ ಅಲ್ಲಾಡಿಸಿದ್ದೇನೆ. ತಲೆಗೆ ಲೈಸೆನ್ಸ್ ಬೇಕಿರಲಿಲ್ಲ.

ಹ್ಯಾಂಬರ್ಗ್‌ನವರು ಈಗ ಆ ಹುಡುಗರನ್ನು ನೆನೆಯುವ ರೀತಿ ನನಗೆ ಇಷ್ಟ. ಗ್ಯೂಂಟರ್ ಡಿಶರ್ ಅಂತ ಒಬ್ಬರಿದ್ದರು, 1925ರಲ್ಲಿ ಹುಟ್ಟಿದವರು. ನಿಷೇಧದ ರೆಕಾರ್ಡುಗಳ ಹುಚ್ಚಿಗೆ ಹದಿಹರೆಯದಲ್ಲೇ ಮೋರಿಂಗೆನ್ ಅನ್ನೋ ನಾಜಿ ಸೆರೆ ಕ್ಯಾಂಪಿಗೆ ಹೋದರು. ಬದುಕಿ ಬಂದರು. ಮುದುಕರಾದ ಮೇಲೂ ಅದೇ ರೆಕಾರ್ಡುಗಳನ್ನು ಹಾಕಿ ಜನರನ್ನು ಕುಣಿಸುತ್ತಿದ್ದರು. 2012ರಲ್ಲಿ ತೀರಿಕೊಂಡರು, ನಾನು ಅಲ್ಲಿಗೆ ಹೋಗುವ ಮೊದಲೇ. ಒಬ್ಬ ಮುದುಕ ಡಿಜೆ, ಅವನ ಹೋರಾಟ ಏನು ಅಂದರೆ ಹಾಡು ಕೇಳಿದ್ದು. ನಮ್ಮಲ್ಲಿ ಹೀಗೆ ಹೇಳಿದರೆ "ಅದೇನು ಹೋರಾಟ, ಶೋಕಿ" ಅನ್ನುತ್ತಾರೆ. ನಮ್ಮ ಭಾವನೇ ಅಂದರು. ಲಾಠಿ ಏಟು ತಿಂದು, ಭಾಷಣ ಬಿಗಿದು, ಹಾರ ಹಾಕಿಸಿಕೊಂಡರೆ ಮಾತ್ರ ಅವರ ಲೆಕ್ಕದಲ್ಲಿ ಹೋರಾಟ.

ಇಷ್ಟು ಬರೆದು ಅಕ್ಕನಿಗೆ ಕಳಿಸಿದೆ. ಅವಳು ಫೋನ್ ಮಾಡಿ ಮೊದಲು ಬೈದಳು. ಮೂರನೇ ಮಹಡಿಯ ಅಜ್ಜಿ ಆವತ್ತು ಬೆಳಿಗ್ಗೆ ತಾನೇ ಹಾರ್ಟ್ ಆಪರೇಷನ್ ಮುಗಿಸಿಕೊಂಡು ಆಸ್ಪತ್ರೆಯಿಂದ ಬಂದಿದ್ದರಂತೆ, ನೆತ್ತಿಯ ಮೇಲೆ ಏಳು ಜನ ಧಬಧಬ ಅಂತ ಕುಣಿದರೆ ಏನಾಗಬೇಡ. ಹಾಗಿದ್ದರೆ ಅದನ್ನೇ ಹೇಳಬಹುದಿತ್ತಲ್ಲ, ಕೈ ಹಿಡಿದ ಮಾತು ಯಾಕೆ ಅಂತ ಕೇಳಿದೆ. "ಅವರ ಬಾಯೇ ಹಾಗೆ ಕಣೋ" ಅಂದಳು.

ಸರಿ, ಒಪ್ಪಿಕೊಳ್ಳುತ್ತೇನೆ. 1942ರ ಜನವರಿಯಲ್ಲಿ ನಾಜಿ ಪೊಲೀಸರ ಮುಖ್ಯಸ್ಥ ಹಿಮ್ಲರ್ ಬರೆದ ಪತ್ರದಲ್ಲಿ, ಈ ಹುಡುಗರ ಮುಂದಾಳುಗಳನ್ನು ಎರಡು ಮೂರು ವರ್ಷ ಕಾನ್ಸಂಟ್ರೇಷನ್ ಕ್ಯಾಂಪಿಗೆ ಹಾಕಿ, ಮೊದಲು ಹೊಡೆಯಿರಿ ಅಂತ ಇತ್ತು. ಹುಡುಗರನ್ನು ಮೋರಿಂಗೆನ್‌ಗೆ, ಹುಡುಗಿಯರನ್ನು ಉಕರ್‌ಮಾರ್ಕ್‌ಗೆ ಕಳಿಸಿದರು. ಅದರ ಪಕ್ಕ ವಾಟ್ಸಾಪ್ ನೋಟಿಸು ಇಡುವುದು ಜಾಸ್ತಿಯಾಯಿತು. ಯುದ್ಧ ಮುಗಿದ ಮೇಲೂ ಜರ್ಮನರು ಈ ಹುಡುಗರನ್ನು ಬಹಳ ಕಾಲ ಶೋಕಿಲಾಲರು ಅಂತಲೇ ಕಡೆಗಣಿಸಿದ್ದರು. ಆ ಲೆಕ್ಕದಲ್ಲಿ ಭಾವ ಒಬ್ಬರೇ ಅಲ್ಲ. ಇನ್ನು ನಮ್ಮ ಊರಿಗೆ ನಿಜವಾದ ಜೈಲು ಗೊತ್ತಿಲ್ಲ ಅಂದರೂ ತಪ್ಪು. ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿನಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸ್ನೇಹಲತಾ ರೆಡ್ಡಿಯನ್ನು ಇಟ್ಟಿದ್ದರು, ಭರತನಾಟ್ಯ ಕಲಿತವರು, ನಾಟಕದವರು. ಆಸ್ತಮಾ ಇತ್ತು. ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಪಾರ್ಕಿನ ಮುಂದೆ ನೂರು ಸಲ ಆಟೋದಲ್ಲಿ ಹೋಗಿದ್ದೇನೆ, ಒಂದು ಸಲವೂ ಇಳಿದಿಲ್ಲ. ಕ್ಯೂರಿಯೋ ಹೌಸ್ ಮುಂದೆ ಮಾತ್ರ ನಿಂತು ಫೋಟೋ ತೆಗೆಯುತ್ತೇನೆ.

ಇನ್ನೊಂದು ಹೇಳಿಬಿಡುತ್ತೇನೆ, ಬೇಡ ಅನಿಸಿದರೂ. ಇವತ್ತು ಗುಡ್ ಫ್ರೈಡೇ. ಹ್ಯಾಂಬರ್ಗ್‌ನಲ್ಲಿ ಇವತ್ತು ಕ್ಲಬ್ಬುಗಳಲ್ಲಿ ಡ್ಯಾನ್ಸ್ ಮಾಡುವಂತಿಲ್ಲ, ಕಾನೂನೇ ಇದೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಾಯಿ ಚಟ್ನಿಗೆ ಮಿಕ್ಸಿ ಹಾಕಿದ್ದಕ್ಕೆ ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಜರ್ಮನ್ನಿನಲ್ಲೂ 'ತಕ್ಕದ್ದು' ಇದೆ.

ನಿನ್ನೆ ಅಮ್ಮನ ಜೊತೆ ಮಾತಾಡಿದೆ, ಈಗ ಅಕ್ಕನ ಮನೆಯಲ್ಲೇ ಇದ್ದಾರೆ. ಅರಳು ಸಂಡಿಗೆ ಒಣಹಾಕಬೇಕು ಅಂತ ರಿಜಿಸ್ಟರಿನಲ್ಲಿ ಕಾರಣ ಬರೆದು, ಸಹಿ ಹಾಕಿ, ಟೆರೇಸಿನ ಬೀಗದ ಕೈ ತಂದರಂತೆ. ಸಂಡಿಗೆ ಒಣಗಿ ಡಬ್ಬ ಸೇರಿ ನಾಲ್ಕು ದಿನ ಆಯಿತು. ಕೈ ಇನ್ನೂ ವಾಪಸ್ ಕೊಟ್ಟಿಲ್ಲ. "ಕೇಳಿದರೆ ಹಪ್ಪಳ ಬಾಕಿ ಇದೆ ಅಂತೀನಿ" ಅಂದರು. ಹಿಂದಿನಿಂದ ಅಕ್ಕನ ಮಗಳು ನಗುವುದು ಕೇಳಿಸುತ್ತಿತ್ತು.