ಅಳತೆ ಒಂದೇ ಸಾಲದು, ಒಳಗಿನ ಕಣಗಳನ್ನೂ ನೋಡಬೇಕು

ಲೇಖನ ಇಷ್ಟವಾಯಿತು ಸರ್. ಆದರೆ ನಿಟಿನಾಲ್ (ನಿಕಲ್, ಟೈಟಾನಿಯಂ ಬೆರೆತ ಲೋಹ) ತಂತಿ ಎಷ್ಟು ಬಿಸಿಗೆ ಹಳೆಯ ಆಕಾರಕ್ಕೆ ಮರಳುತ್ತದೆ ಅನ್ನೋದನ್ನು ಆ ಎರಡನ್ನೂ ಬೆರೆಸುವ ಅಳತೆಯೇ ತೀರ್ಮಾನಿಸುತ್ತದೆ ಎಂದು ಬರೆದಿದ್ದೀರಿ. ಅದು ಅರ್ಧ ಮಾತು ಮಾತ್ರ.

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಲ್ಯಾಬ್ ಮಾಡಿಸುತ್ತೇನೆ. ಒಂದೇ ಸುರುಳಿಯಿಂದ ಎರಡು ತುಂಡು ಕತ್ತರಿಸಿದೆವು. ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು 450 ಡಿಗ್ರಿ ಫರ್ನೇಸಿನಲ್ಲಿ ಒಂದು ಗಂಟೆ ಇಟ್ಟೆವು. ಮೊದಲನೆಯದು ಬಗ್ಗಿಸಿ ಬಿಟ್ಟ ತಕ್ಷಣ ಚಿಮ್ಮಿ ನೆಟ್ಟಗಾಯಿತು. ಎರಡನೆಯದು ಬಗ್ಗಿದ ಹಾಗೇ ಕೂತಿತ್ತು. ಬಿಸಿನೀರಿನ ಲೋಟಕ್ಕೆ ಹಾಕಿದಾಗ ಮೆಲ್ಲಗೆ ಬಿಚ್ಚಿಕೊಂಡಿತು! ಅಳತೆ ಅದೇ, ನಡತೆ ಬೇರೆ.

ಕಾರಣ ಇಷ್ಟು. ಪರಮಾಣುಗಳ ಲೆಕ್ಕದಲ್ಲಿ ನಿಕಲ್ 50 ಪರ್ಸೆಂಟಿಗಿಂತ ತುಸು ಜಾಸ್ತಿ ಇದ್ದಾಗ, ಆ ಶಾಖಕ್ಕೆ ಹೆಚ್ಚಿನ ನಿಕಲ್ ಸಣ್ಣ ಕಣಗಳಾಗಿ ಬೇರೆಯಾಗುತ್ತದೆ. ನಾಲ್ಕು ನಿಕಲ್‌ಗೆ ಮೂರು ಟೈಟಾನಿಯಂ, ಆಕಾರ ಅವರೆಕಾಳನ್ನು ಅಮುಕಿದ ಹಾಗೆ, ಗಾತ್ರ ನ್ಯಾನೋಮೀಟರ್ ಲೆಕ್ಕದಲ್ಲಿ. ಸುತ್ತಲಿನ ಲೋಹದಲ್ಲಿ ನಿಕಲ್ ಕಡಿಮೆಯಾಗುತ್ತದೆ. 0.1 ಪರ್ಸೆಂಟ್ ಇಳಿದರೂ ಹಳೆಯ ಆಕಾರಕ್ಕೆ ಮರಳುವ ತಾಪಮಾನ ಸುಮಾರು 10 ಡಿಗ್ರಿ ಮೇಲೇರುತ್ತದೆ. ಎರಡನೆಯ ತುಂಡಿಗೆ ಬಿಸಿನೀರು ಬೇಕಾದದ್ದು ಅದಕ್ಕೇ.

ನನಗೆ ಇದಕ್ಕಿಂತ ಸೊಗಸು ಅನಿಸೋದು ಕಣಗಳ ಸುತ್ತಲಿನ ಎಳೆತ. ತಣ್ಣಗಾಗುವಾಗ ಲೋಹ ನೇರವಾಗಿ ಮಾರ್ಟೆನ್‌ಸೈಟ್ (ತಣ್ಣಗಿದ್ದಾಗಿನ, ಸುಲಭವಾಗಿ ಬಗ್ಗುವ ರೂಪ) ಆಗದೆ, ಮೊದಲು ಆರ್-ಫೇಸ್ ಅನ್ನೋ ನಡುವಿನ ಮೆಟ್ಟಿಲಲ್ಲಿ ನಿಲ್ಲುತ್ತದೆ. ಕಣಗಳು ತೀರಾ ಸಣ್ಣದಾಗಿ ಒತ್ತೊತ್ತಾಗಿದ್ದರೆ ಮಾರ್ಟೆನ್‌ಸೈಟ್ ಬೆಳೆಯಲು ಜಾಗವೇ ಸಿಗುವುದಿಲ್ಲ, ಇನ್ನೂ ತಣ್ಣಗಾಗಬೇಕು. ಲೋಹದ ಪದರಗಳು ಜಾರದಂತೆ ತಡೆಯುವುದೂ ಇವೇ. ಹಾಗಾಗಿ ಸಾಕಷ್ಟು ಸಲ ಬಗ್ಗಿಸಿದರೂ ಆಕಾರ ಕೆಡೋದು ಕಡಿಮೆ. ಹಲ್ಲಿಗೆ ಹಾಕುವ ತಂತಿಗೆ ಬೇಕಾಗಿರೋದು ಇದೇ ಅಲ್ವಾ?

ಮುಂದಿನ ಕಂತಿನಲ್ಲಿ ಎಷ್ಟು ಡಿಗ್ರಿ, ಎಷ್ಟು ಹೊತ್ತು ಕಾಯಿಸಬೇಕು ಅನ್ನೋದನ್ನೂ ದಯವಿಟ್ಟು ಬರೆಯಿರಿ. ನಮ್ಮ ಹುಡುಗರಿಗೆ ಓದಿಸುತ್ತೇನೆ.