ಉಂಡು ಮಲಗುವ ತನಕ

ಈಚೆಗೆ ಒಂದು ಸೀಮಂತಕ್ಕೆ ಹೋಗಿದ್ದೆ. ಯಾರ ಮನೆ ಅಂತ ಕೇಳಬೇಡಿ. ಅಡುಗೆಮನೆಯಲ್ಲಿ ಒಬ್ಬಳು ಹುಡುಗಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಕೂತಿದ್ದಳು. ಬಳೆ ಮೇಲೆ ಸರಿದಾಗ ಮಣಿಕಟ್ಟಿನಲ್ಲಿ ನಾಲ್ಕು ಬೆರಳಿನ ಗುರುತು ಕಂಡಿತು. ಕಂದಿ ಕಪ್ಪಾಗಿತ್ತು. "ಏನಮ್ಮ ಇದು?" ಅಂದೆ. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಬಿಡು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕು ಬಳೆ ಕೆಳಗೆ ಸರಿಸಿಕೊಂಡಳು.

ಗಾದೆ ಅಂದ್ರೆ ನನಗೆ ಪ್ರಾಣ, ನಿಮಗೆಲ್ಲ ಗೊತ್ತು. ಅಜ್ಜಿ ಒಲೆ ಮುಂದೆ ಕೂತು ಮಾತಿಗೊಂದು ಗಾದೆ ಹೇಳುತ್ತಿದ್ದರು, ಅದನ್ನು ಕೇಳಿಯೇ ಬೆಳೆದವಳು ನಾನು. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿದೆ. ಆ ಗಾದೆಯಲ್ಲಿರುವುದು ಜಗಳ. ಸಾರಿಗೆ ಉಪ್ಪು ಜಾಸ್ತಿಯಾಯ್ತು, ಹಬ್ಬಕ್ಕೆ ತವರಿಗೆ ಕಳಿಸಲಿಲ್ಲ ಅಂತ ಇಬ್ಬರೂ ಮುನಿಸಿಕೊಂಡು, ಇಬ್ಬರೂ ಉಂಡು, ಬೆಳಗಾಗುವಷ್ಟರಲ್ಲಿ ಮರೆಯುವ ಜಗಳ. ಒಬ್ಬ ಹೊಡೆದು ಇನ್ನೊಬ್ಬಳು ಹೊಡೆಸಿಕೊಂಡರೆ ಅದು ಜಗಳ ಹೇಗಾಗುತ್ತೆ?

ಸಂಸಾರ ಉಳಿಯಲಿ ಅಂತ ಹಿರಿಯರು ಹೇಳ್ತಾರೆ, ತಾಳಿದವನು ಬಾಳಿಯಾನು ಅಲ್ವಾ ಅಂತ ನೀವನ್ನಬಹುದು. ತಾಳಿದ'ವನು' ಅಂತಿದೆ ನೋಡಿ. ಕೈ ಎತ್ತುವ ಗಂಡನಿಗೆ ಯಾರಾದರೂ ಆ ಗಾದೆ ಹೇಳಿದ್ದನ್ನು ನಾನು ಇದುವರೆಗೂ ಕೇಳಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋದೂ ನಮ್ಮದೇ ಗಾದೆ. ಅದು ಆವತ್ತು ಯಾರ ಬಾಯಲ್ಲೂ ಬರಲಿಲ್ಲ. ಅವಳ ಪುಟ್ಟ ಮಗ ಮಾತ್ರ ಸೆರಗು ಬಿಡದೆ ನಿಂತಿದ್ದ.

ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರಲ್ಲೇ ಕಾನೂನು ಬಂತು. 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು ಕೂಡ ಅದರಲ್ಲಿ ಬರುತ್ತೆ. ಅವಳೇ ಹೋಗಿ ದೂರು ಕೊಡಬೇಕೆಂದಿಲ್ಲ, ಇದಕ್ಕೆಂದೇ ಸರ್ಕಾರ ನೇಮಿಸಿರುವ ರಕ್ಷಣಾಧಿಕಾರಿಗೆ ಪಕ್ಕದ ಮನೆಯವರೂ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಮಹಿಳಾ ಸಹಾಯವಾಣಿ 181. ಮೂರೇ ಅಂಕಿ. ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಕರೆದು ಅವಳಿಗೂ ಹೇಳಿದೆ.

ಇನ್ನೊಂದು ಹೇಳಲೇಬೇಕು. ಆರು ವರ್ಷದ ಹಿಂದೆ ಒಂದು ರಾತ್ರಿ ನನ್ನ ಚಿಕ್ಕಮ್ಮನ ಮಗಳು ಅಳುತ್ತಾ ಫೋನ್ ಮಾಡಿದ್ದಳು. ನಾನು ಇದೇ ಗಾದೆ ಹೇಳಿ, ಮಲಗು ಹೋಗು ಅಂದಿದ್ದೆ. ಮತ್ತೆಂದೂ ಅವಳು ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ಎಲ್ಲ ಸರಿಹೋಗಿದೆ ಅಂತ ನಾನೂ ಸುಮ್ನಿದ್ದೆ.

ನಿನ್ನೆ ಅವಳಿಗೆ ಫೋನ್ ಮಾಡಿ, ಹಾಗಂದದ್ದು ನನ್ನ ತಪ್ಪು ಕಣೇ ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ಆವತ್ತು ನಾನು ಉಂಡೇ ಇರಲಿಲ್ಲ ಅಕ್ಕ."