ಗೇಮ್ ಪುಸ್ತಿಕೆ ಮರೆಯಾಗಲು ಶುರುವಾಗಿದ್ದು 2017ರಲ್ಲಿ ಅಲ್ಲ

"ವಿಡಿಯೊ ಗೇಮ್ ಡಬ್ಬದಲ್ಲಿ ಆಡುವ ಬಗೆ ತಿಳಿಸುವ ಮುದ್ರಿತ ಪುಸ್ತಿಕೆ ಕೊಡುವುದನ್ನು ಮೊದಲು ನಿಲ್ಲಿಸಿದ್ದು ನಿಂಟೆಂಡೊ ಕಂಪನಿ, 2017ರಲ್ಲಿ ಅದರ ಸ್ವಿಚ್ ಗೇಮ್ ಯಂತ್ರ ಬಂದಾಗ" ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. 2010ರ ಏಪ್ರಿಲ್‌ನಲ್ಲೇ ಗೇಮ್ ತಯಾರಿಸುವ ಯೂಬಿಸಾಫ್ಟ್ ಕಂಪನಿ ಇದನ್ನು ಘೋಷಿಸಿತ್ತು. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಯಂತ್ರಗಳ ಗೇಮ್‌ಗಳ ಪುಸ್ತಿಕೆ ಇನ್ನು ಪರದೆಯ ಮೇಲೇ ಸಿಗುತ್ತದೆ ಎಂದಿತ್ತು. ಕೊಟ್ಟ ಕಾರಣ ಪರಿಸರ. ಮುದ್ರಣದ ಖರ್ಚು ಉಳಿದದ್ದೂ ನಿಜ. ನಿಂಟೆಂಡೊ ಕೂಡ 2012ರ ವೀ ಯು ಯಂತ್ರದ ಹೊತ್ತಿಗೇ ಡಿಜಿಟಲ್ ಪುಸ್ತಿಕೆಗೆ ಹೊರಳಿತ್ತು.

ಜೊತೆಗೇ ಇನ್ನೊಂದು ಮಾತು: "ಅದನ್ನು ಯಾರೂ ಓದ್ತಿರಲಿಲ್ಲ, ಸುಮ್ನೆ ಇಡ್ತಿದ್ರು." ಇದನ್ನಂತೂ ಒಪ್ಪಲು ಆಗುವುದೇ ಇಲ್ಲ. ಡಾಸ್ (ಹಳೇ ಕಂಪ್ಯೂಟರ್ ವ್ಯವಸ್ಥೆ) ಕಾಲದ ಪ್ರಿನ್ಸ್ ಆಫ್ ಪರ್ಶಿಯಾ ಗೇಮ್ ನೆನಪಿದೆ ಅಲ್ವಾ? ಮೊದಲ ಹಂತ ದಾಟಿದರೆ ಒಂದು ಕೋಣೆ. ಅಲ್ಲಿ ಸಾಲಾಗಿ ಮದ್ದಿನ ಸೀಸೆಗಳು, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ. ಪುಸ್ತಿಕೆಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು. ನಕಲು ಪ್ರತಿ ಹರಡದಂತೆ ಮಾಡಿದ ಉಪಾಯ ಅದು. ಪುಸ್ತಿಕೆ ಇಲ್ಲದವರಿಗೆ ಅಂದಾಜೇ ಗತಿ. ಆ ಹಾಳೆಗಳೂ ಆಟದ ಭಾಗವೇ ಆಗಿದ್ದವು. ಮನೆಯಲ್ಲಿ ಅಂಥ ಹಳೇ ಪುಸ್ತಿಕೆ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.